ನಿದಾನಕ್ಕೆ ನಿಧಾನ ಬೇಕು

ರೋಗಕ್ಕೆ ಔಷಧ ಕೊಡುವುದು ಒಂದು ವಿದ್ಯೆ. ರೋಗ ಯಾವುದೆಂದು ತಿಳಿಯುವುದು ಅದಕ್ಕಿಂತ ಹಿರಿಯ ವಿದ್ಯೆ. ಈ ಎರಡನೆಯ ವಿದ್ಯೆಗೆ ನಮ್ಮ ಪ್ರಾಚೀನ ವೈದ್ಯರು ‘ನಿದಾನ’ ಎಂದು ಹೆಸರಿಟ್ಟರು. ‘ಮಾಧವನಿದಾನ’ವೆಂಬ ಪ್ರಸಿದ್ಧ ಸಂಸ್ಕೃತ ಗ್ರಂಥವು ರೋಗಗಳನ್ನು ಗುರುತಿಸುವ ಕ್ರಮಕ್ಕೇ ಮೀಸಲಾದುದು. ಕನ್ನಡದಲ್ಲಿ ‘ನಿಧಾನ’ ಎಂಬ ಇನ್ನೊಂದು ಮಾತು ಬಳಕೆಯಲ್ಲಿದೆ. ತಾಳ್ಮೆ, ಸಾವಕಾಶ ಎಂದು ಅದರ ಅರ್ಥ. ಒಂದರಲ್ಲಿ ಅಲ್ಪಪ್ರಾಣದ ದಕಾರ, ಇನ್ನೊಂದರಲ್ಲಿ ಮಹಾಪ್ರಾಣದ ಧಕಾರ. ಬರೆಯುವಾಗ ವಿದ್ಯಾರ್ಥಿಗಳು ಇವೆರಡನ್ನೂ ಬೆರೆಸಿಬಿಡುವುದುಂಟು. ಬರಹದಲ್ಲಿ ಬೆರೆಸಬಾರದು, ಆದರೆ ಕೆಲಸದಲ್ಲಿ ಬೆರೆಸಲೇಬೇಕು. ನಿಧಾನವಿಲ್ಲದವನಿಗೆ ನಿದಾನ ದಕ್ಕುವುದಿಲ್ಲ. ಈ ಮಾತು ವೈದ್ಯನಿಗೆ ಹೇಗೋ ಹಾಗೆಯೇ ಯಂತ್ರಗಳನ್ನು ರಿಪೇರಿ ಮಾಡುವವನಿಗೂ ಅನ್ವಯಿಸುತ್ತದೆ. ಹಳೆಯ ಕಾರಿನ ಒಂದು ಸಣ್ಣ ಕಾಯಿಲೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಕಾರಿಗೂ ನಮ್ಮ ಈ ಸೀಮೆಗೂ ಇರುವ ಸಂಬಂಧ ಚಿಕ್ಕದಲ್ಲ. ನಂದಿಬೆಟ್ಟ, ಕಳವಾರ ದುರ್ಗಗಳ ನೆರೆಯಲ್ಲಿ, ಚಿಕ್ಕಬಳ್ಳಾಪುರಕ್ಕೆ ಸಮೀಪದಲ್ಲಿಯೇ ಮುದ್ದೇನಹಳ್ಳಿ ಎಂಬ ಗ್ರಾಮವಿದೆ. ಅಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಭಾರತದಲ್ಲಿ ಮೋಟಾರು ಕಾರುಗಳನ್ನು ತಯಾರಿಸಬೇಕೆಂದು ಅವರು ಪಟ್ಟ ಶ್ರಮ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1930ರ ದಶಕದಲ್ಲಿ, ಎಪ್ಪತ್ತು ವರ್ಷ ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, ನಮ್ಮ ದೇಶಕ್ಕೆ ಒಪ್ಪುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅಂದಿನ ಪರಕೀಯ ಸರ್ಕಾರದಿಂದ ಅದಕ್ಕೆ ಬೇಕಾದ ಬೆಂಬಲ ದೊರೆಯಲಿಲ್ಲ. ಆದರೂ ಆ ಪ್ರಯತ್ನದಲ್ಲಿ ಅವರ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಆಸೆಯನ್ನು ಬಿಡಲಿಲ್ಲ. 1944ರಲ್ಲಿ ಅವರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಇಟಲಿಯ ಫಿಯಟ್ ಸಂಸ್ಥೆಯ ಸಹಕಾರದಿಂದ ಅಲ್ಲಿ ತಯಾರಾದ ಕಾರು 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರನ್ನು ಪಡೆಯಿತು. 1089 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಪುಟ್ಟ ಎಂಜಿನ್ನಿನ ಆ ಕಾರು ಅನೇಕ ವರ್ಷಗಳ ಕಾಲ ಮಧ್ಯಮ ವರ್ಗದ ಕುಟುಂಬಗಳ ಕನಸಾಗಿತ್ತು. ಅದರ ತಯಾರಿಕೆ 2000ದ ಸುಮಾರಿಗೆ ನಿಂತುಹೋಯಿತು. ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಕಡೆಯ ಪದ್ಮಿನಿಯೂ 2023ರಲ್ಲಿ ವಿಶ್ರಾಂತಿ ಪಡೆಯಿತು. ಎಂಜಿನ್ನಿನ ಭಾಗಗಳು ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಇದ್ದುದರಿಂದ ಯಂತ್ರವಿದ್ಯೆಯನ್ನು ಕಲಿಯುವವರಿಗೆ ಅದೊಂದು ಒಳ್ಳೆಯ ಪಾಠಶಾಲೆಯೇ ಆಗಿತ್ತು.

ನಮ್ಮ ಉದಾಹರಣೆ ಅರ್ಥವಾಗಬೇಕಾದರೆ ಎಂಜಿನ್ನಿನ ಉಸಿರಾಟದ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಕಾರು ನಿಂತಿರುವಾಗಲೂ, ಚಾಲಕನು ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದಾಗಲೂ, ಎಂಜಿನ್ ಆರಿಹೋಗದೆ ಮೆಲ್ಲಗೆ ಓಡುತ್ತಿರಬೇಕು. ಈ ಮಂದಗತಿಯನ್ನು ಗ್ಯಾರೇಜುಗಳಲ್ಲಿ ‘ಐಡ್ಲಿಂಗ್’ ಎನ್ನುತ್ತಾರೆ. ಪದ್ಮಿನಿಯಂತಹ ಕಾರಿನಲ್ಲಿ, ಎಂಜಿನ್ ಬಿಸಿಯಾದ ಮೇಲೆ, ಇದು ನಿಮಿಷಕ್ಕೆ ಸುಮಾರು 800 ಸುತ್ತುಗಳಷ್ಟಿದ್ದರೆ ಸಾಕು. ನಾಲ್ಕು ಸಿಲಿಂಡರುಗಳಲ್ಲಿ ಒಂದೊಂದೂ ಎರಡು ಸುತ್ತಿಗೊಮ್ಮೆ ಉರಿಯುವುದರಿಂದ ಪ್ರತಿ ಸುತ್ತಿಗೆ ಎರಡು ಸಾರಿ ಇಂಧನ ಉರಿಯುತ್ತದೆ. ಅಂದರೆ ನಿಂತಲ್ಲೇ ನಿಂತ ಕಾರಿನಲ್ಲಿಯೂ ನಿಮಿಷಕ್ಕೆ 1600 ಸಣ್ಣ ಸ್ಫೋಟಗಳು! ಕಾರಣವಿಲ್ಲದೆ ಈ ಗತಿ 1800 ಸುತ್ತುಗಳಿಗೆ ಏರಿದರೆ ಸ್ಫೋಟಗಳ ಸಂಖ್ಯೆ 3600 ಆಗುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ‘ಗಾಡಿ ರೇಸ್ ಆಗುತ್ತಿದೆ’ ಎನ್ನುವುದು. ಜ್ವರ ಬಂದವನ ನಾಡಿ ಮಲಗಿದ್ದಲ್ಲಿಯೇ ಓಡುವಂತೆ, ಕಾರಿನ ನಾಡಿ ನಿಂತಲ್ಲಿಯೇ ಓಡುತ್ತದೆ.

ಈ ಗತಿಯನ್ನು ಆಳುವ ಅಂಗವೇ ಕಾರ್ಬುರೇಟರ್. ಪೆಟ್ರೋಲನ್ನು ತಕ್ಕ ಪ್ರಮಾಣದ ಗಾಳಿಯೊಡನೆ ಬೆರೆಸುವುದು ಅದರ ಕೆಲಸ. ಒಂದು ತೂಕದಷ್ಟು ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ಅದರ ಸುಮಾರು 15ರಷ್ಟು ತೂಕದ ಗಾಳಿ ಬೇಕು. ಕಾರ್ಬುರೇಟರಿನ ನಡುವೆ ಒಂದು ಇಕ್ಕಟ್ಟಾದ ಕೊರಳಿದೆ. ಕೊರಳಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುತ್ತದೆ. ಒತ್ತಡ ಕುಗ್ಗಿದಲ್ಲಿಗೆ ಪೆಟ್ರೋಲು ಸಣ್ಣ ರಂಧ್ರದಿಂದ ಚಿಮ್ಮಿ ಬರುತ್ತದೆ. ವೇಗಕ್ಕೂ ಒತ್ತಡಕ್ಕೂ ಇರುವ ಈ ಸಂಬಂಧವನ್ನು ಬರ್ನೂಲಿ ಎಂಬ ವಿಜ್ಞಾನಿ 1738ರಷ್ಟು ಹಿಂದೆಯೇ ತಿಳಿಸಿಕೊಟ್ಟಿದ್ದನು. ಕೊರಳಿನ ಕೆಳಗೆ ಬಾಗಿಲಿನಂತೆ ತಿರುಗುವ ಒಂದು ತಟ್ಟೆ ಇದೆ, ಇದೇ ಥ್ರಾಟಲ್. ಕಾಲಿನಿಂದ ಆಕ್ಸಿಲರೇಟರನ್ನು ಒತ್ತಿದಾಗ ಈ ಬಾಗಿಲು ತೆರೆಯುತ್ತದೆ. ಕಾಲು ತೆಗೆದಾಗ ಒಂದು ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಪೂರ್ತಿ ಮುಚ್ಚದಂತೆ ಕೂದಲೆಳೆಯಷ್ಟು ಸಂದು ಬಿಡುವುದಕ್ಕೆ ಒಂದು ತಿರುಪು ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಐಡ್ಲಿಂಗ್ ಏರುತ್ತದೆ, ಹೊರಕ್ಕೆ ತಿರುಗಿಸಿದರೆ ಇಳಿಯುತ್ತದೆ. ಬಾಗಿಲು ಮುಚ್ಚಿರುವಾಗ ಬೇಕಾಗುವ ಅಲ್ಪ ಪೆಟ್ರೋಲು ಬೇರೊಂದು ಕಿರಿದಾದ ದಾರಿಯಿಂದ ಒದಗುತ್ತದೆ. ಎಂಜಿನ್ ವೇಗವಾಗಿ ಓಡುತ್ತಿದೆ ಎಂದರೆ, ಎಲ್ಲಿಂದಲೋ ಹೆಚ್ಚು ಗಾಳಿಯೂ ಅದರೊಡನೆ ಪೆಟ್ರೋಲೂ ಒಳಗೆ ಹೋಗುತ್ತಿದೆ, ಇಲ್ಲವೆ ಒಳಹೋದದ್ದು ಉರಿಯುವ ಕಾಲ ಬದಲಾಗಿದೆ ಎಂದೇ ಅರ್ಥ. ಗಾಳಿ ಎಲ್ಲಿಂದ ಬರುತ್ತಿದೆ, ಬಾಗಿಲು ಏಕೆ ತೆರೆದಿದೆ ಎಂಬುದೇ ಹುಡುಕಬೇಕಾದ ವಿಷಯ.

‘ಎಂಜಿನ್ ಸ್ವಲ್ಪ ಜೋರಾಗಿ ಓಡಿದರೆ ನಷ್ಟವೇನು?’ ಎಂದು ಯಾರಾದರೂ ಕೇಳಬಹುದು. ನಷ್ಟ ಹಲವು ಬಗೆಯದು. ಮೊದಲನೆಯದು ಪೆಟ್ರೋಲಿನ ದಂಡ. ಎರಡನೆಯದು ಕ್ಲಚ್ಚು, ಗೇರುಗಳ ಸವೆತ. ಓಡುತ್ತಿರುವ ಎಂಜಿನ್ನಿಗೆ ಗೇರು ಹಾಕುವಾಗ ಅವು ಕರಕರ ಎನ್ನುತ್ತವೆ. ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದುದು. ನಂದಿಬೆಟ್ಟದ ತಿರುವುಗಳಲ್ಲಿ ಇಳಿಯುವ ಚಾಲಕನು ಚಿಕ್ಕ ಗೇರಿನಲ್ಲಿ, ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದು ಇಳಿಯುತ್ತಾನೆ. ಆಗ ಎಂಜಿನ್ನೇ ಕಾರನ್ನು ಹಿಡಿದು ನಿಲ್ಲಿಸುವ ಬಲವಾಗುತ್ತದೆ. ಥ್ರಾಟಲಿನ ಬಾಗಿಲು ಮುಚ್ಚದಿದ್ದರೆ ಆ ಹಿಡಿತ ಸಡಿಲುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಎಡೆಬಿಡದೆ ಒತ್ತಿದ ಬ್ರೇಕು ಕಾದು ತನ್ನ ಹಿಡಿತವನ್ನೇ ಕಳೆದುಕೊಳ್ಳಬಹುದು. ಆದುದರಿಂದ ಇದು ಕಿವಿಗೆ ಕಿರಿಕಿರಿ ಮಾಡುವ ಸದ್ದು ಮಾತ್ರವಲ್ಲ, ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಈಗ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. 1990ರ ದಶಕದ ಒಂದು ಚಳಿಗಾಲ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಎರಡು ಬೆಳೆಯ ಗೂಡು ಮಾರಿದ ಹಣದಿಂದ ಒಂದು ಹಳೆಯ ಪದ್ಮಿನಿಯನ್ನು ಕೊಂಡಿದ್ದಾರೆ. ಮನೆಯಲ್ಲಿ ವಯಸ್ಸಾದ ತಾಯಿ. ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ರಾತ್ರಿ ಹೊತ್ತಿನಲ್ಲಿ ಬಸ್ಸಿಲ್ಲ. ಕೊಂಡ ದಿನದಿಂದಲೂ ಕಾರು ನಿಂತಲ್ಲೇ ಅಬ್ಬರಿಸುತ್ತಿದೆ. ಮಾರಿದವರು ‘ಎಂಜಿನ್ ಬಲವಾಗಿದೆ, ಅದಕ್ಕೇ ಈ ಸದ್ದು’ ಎಂದರು. ನೆರೆಯವರೊಬ್ಬರು ‘ಬೆಟ್ಟದ ಸೀಮೆಯ ಗಾಳಿಗೆ ಹೀಗಾಗುತ್ತದೆ’ ಎಂದರು. ಪೇಟೆಯಲ್ಲಿ ಇನ್ನೊಬ್ಬರು ‘ಕಾರ್ಬುರೇಟರನ್ನೇ ಬದಲಾಯಿಸಬೇಕು’ ಎಂದರು. ಬದಲಾಯಿಸುವುದಕ್ಕೆ ಬೇಕಾದ ಹಣ ಮಗಳ ಶಾಲೆಯ ಶುಲ್ಕಕ್ಕೆಂದು ಎತ್ತಿಟ್ಟದ್ದು. ಅದನ್ನೇ ಜೇಬಿನಲ್ಲಿಟ್ಟುಕೊಂಡು ಅವರು ಚಿಕ್ಕಬಳ್ಳಾಪುರದ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ ಬರುತ್ತಾರೆ.

“ಮೇಸ್ತ್ರಿಗಳೇ, ಹೊಸ ಕಾರ್ಬುರೇಟರನ್ನು ಹಾಕಿಬಿಡಿ.”

“ಬೇಕಾದರೆ ಹಾಕೋಣ ಯಜಮಾನರೇ. ಮೊದಲು ಇರುವುದು ಕೆಟ್ಟಿದೆಯೋ ಇಲ್ಲವೋ ನೋಡೋಣ. ಹುಳು ಸೊಪ್ಪು ಮುಟ್ಟಲಿಲ್ಲವೆಂದು ನೀವು ಹಿಪ್ಪುನೇರಳೆಯ ತೋಟವನ್ನೇ ಕಿತ್ತುಹಾಕುತ್ತೀರಾ?”

ಬೆಳೆಗಾರರಿಗೆ ಮಾತು ಕೂಡಲೇ ಅರ್ಥವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಕೆಟ್ಟ ಭಾಗವನ್ನು ಗುರುತಿಸದೆ ಕಂಡ ಭಾಗವನ್ನು ಬದಲಾಯಿಸುವುದು ಇದೇ ಬಗೆಯ ಚಿಕಿತ್ಸೆ.

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನೆ ಎಂಬ ಮೂರು ವಿಧಗಳಲ್ಲಿ ಪರೀಕ್ಷಿಸಬೇಕೆಂದು ಆಯುರ್ವೇದ ಹೇಳುತ್ತದೆ: ನೋಡುವುದು, ಮುಟ್ಟುವುದು, ಕೇಳುವುದು. ಮೇಸ್ತ್ರಿ ಪ್ರಶ್ನೆಯಿಂದ ತೊಡಗಿದರು. “ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಹೀಗಾಗುತ್ತದೆಯೋ, ಬಿಸಿಯಾದ ಮೇಲೂ ಹೀಗೆಯೋ?” ಬಿಸಿಯಾದ ಮೇಲೂ ಹೀಗೆಯೇ ಎಂದು ಉತ್ತರ ಬಂತು. “ಸದ್ದು ಒಂದೇ ಸಮನಾಗಿದೆಯೋ, ಏರಿ ಇಳಿದು ಆಗುತ್ತದೆಯೋ?” ಒಂದೇ ಸಮ. “ಪೆಡಲನ್ನು ಒಮ್ಮೆ ತಟ್ಟಿಬಿಟ್ಟರೆ ಇಳಿಯುತ್ತದೆಯೋ?” ಇಲ್ಲ. “ನೀವು ಕೊಂಡ ಮೇಲೆ ಯಾರಾದರೂ ಕೈ ಹಾಕಿದ್ದಾರೆಯೋ?” ಇಲ್ಲ.

ಈ ಪ್ರಶ್ನೆಗಳು ಕಾಲಹರಣಕ್ಕಾಗಿ ಕೇಳಿದುವಲ್ಲ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಬೇಕಾದ ಕಾರಣ ಚಾಲಕನು ಚೋಕ್ ಎಂಬ ಗುಬುಟನ್ನು ಎಳೆಯುತ್ತಾನೆ. ಆಗ ವೇಗ ತುಸು ಏರುವುದು ಸಹಜ. ಬಿಸಿಯಾದ ಮೇಲೂ ವೇಗ ಇಳಿಯದಿದ್ದರೆ ಮಾತ್ರ ಅದು ರೋಗ. ಸದ್ದು ಏರಿ ಇಳಿದು ಆಗುತ್ತಿದ್ದರೆ ಗಾಳಿ ಪೆಟ್ರೋಲುಗಳ ಪ್ರಮಾಣ ತಪ್ಪಿದೆಯೆಂದು ಮೊದಲು ಸಂಶಯಿಸಬೇಕು. ಒಂದೇ ಸಮನಾಗಿದ್ದರೆ ಥ್ರಾಟಲನ್ನು ಏನೋ ಒಂದು ತೆರೆದು ಹಿಡಿದಿದೆ ಎಂಬ ಸಂಶಯ ಬಲವಾಗುತ್ತದೆ. ಪೆಡಲನ್ನು ತಟ್ಟಿದಾಗ ಇಳಿದರೆ ಎಲ್ಲಿಯೋ ಅಂಟಿಕೊಂಡಿದೆ ಎಂದರ್ಥ. ಒಂದು ಹನಿ ಎಣ್ಣೆಯನ್ನೂ ಖರ್ಚು ಮಾಡದೆ, ಒಂದು ಬೋಲ್ಟನ್ನೂ ಬಿಚ್ಚದೆ, ಬರಿಯ ಮಾತಿನಿಂದಲೇ ಅರ್ಧ ದಾರಿ ಸಾಗಿತು.

ಬೆಟ್ಟದ ಗಾಳಿಯ ಮಾತನ್ನೂ ಮೇಸ್ತ್ರಿ ಹಾಗೆಯೇ ತಳ್ಳಿಹಾಕಲಿಲ್ಲ, ತೂಗಿ ನೋಡಿದರು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದು ನಿಜ. 1478 ಮೀಟರು ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಆರರಲ್ಲಿ ಒಂದು ಪಾಲು ಕಡಿಮೆ. ಆದರೆ ತೆಳುವಾದ ಗಾಳಿಯಿಂದ ಎಂಜಿನ್ನಿನ ಬಲ ಕುಗ್ಗಬೇಕೇ ಹೊರತು ಹೆಚ್ಚಬಾರದು. ಕಾರಣವೆಂದು ಹೇಳಿದ ಸಂಗತಿ ಸತ್ಯವಾಗಿದ್ದರೆ ಸಾಲದು. ಅದರಿಂದ ಈ ಕಾರ್ಯವೇ ಹುಟ್ಟಬೇಕು. ಈ ವಿವೇಕ ವಿಜ್ಞಾನದ ಮೊದಲ ಮೆಟ್ಟಿಲು.

ಪ್ರಶ್ನೆಯಾದ ಮೇಲೆ ದರ್ಶನ. ಇಲ್ಲಿ ಪಾಲಿಸಬೇಕಾದ ನಿಯಮ ಒಂದುಂಟು: ಸುಲಭವಾದುದನ್ನೂ ಖರ್ಚಿಲ್ಲದುದನ್ನೂ ಮೊದಲು ನೋಡಬೇಕು. ಚಾಲಕನ ಕಾಲಡಿಯ ಚಾಪೆ ಸರಿದು ಆಕ್ಸಿಲರೇಟರಿನ ಪೆಡಲನ್ನು ಒತ್ತಿ ಹಿಡಿದಿರುವುದುಂಟು. ಇದನ್ನು ನೋಡದೆ ಎಂಜಿನ್ನನ್ನೆಲ್ಲ ಬಿಚ್ಚಿದರೆ ಬೆಟ್ಟ ಅಗೆದು ಇಲಿ ಹಿಡಿದಂತೆ. ಮೇಸ್ತ್ರಿ ಚಾಪೆಯನ್ನು ಸರಿಸಿ ನೋಡಿದರು, ತೊಂದರೆ ಇರಲಿಲ್ಲ. ಚೋಕಿನ ಗುಬುಟನ್ನು ಒಳಕ್ಕೆ ತಳ್ಳಿ, ಅದರ ತಂತಿ ಕಾರ್ಬುರೇಟರಿನ ತುದಿಯಲ್ಲಿಯೂ ಪೂರ್ತಿ ಹಿಂದಕ್ಕೆ ಹೋಗಿದೆಯೇ ಎಂದು ಪರೀಕ್ಷಿಸಿದರು, ಹೋಗಿತ್ತು. ಥ್ರಾಟಲನ್ನು ಮುಚ್ಚುವ ಸ್ಪ್ರಿಂಗು ಸಡಿಲವಾಗಿದೆಯೇ, ಪೆಡಲಿನಿಂದ ಬರುವ ಸಂಪರ್ಕ ತುಕ್ಕು ಹಿಡಿದು ಬಿಗಿದಿದೆಯೇ ಎಂದು ನೋಡಿದರು, ಎರಡೂ ಸರಿಯಾಗಿದ್ದುವು. ಕಡೆಗೆ ಥ್ರಾಟಲಿನ ಸನ್ನೆಯನ್ನು ಬೆರಳಿನಿಂದ ಮುಚ್ಚುವ ಕಡೆಗೆ ಒತ್ತಿದರು. ಅದು ಅಲುಗಲಿಲ್ಲ, ವೇಗವೂ ಇಳಿಯಲಿಲ್ಲ. ಬಾಗಿಲನ್ನು ತೆರೆದು ಹಿಡಿದದ್ದು ಐಡ್ಲಿಂಗಿನ ತಿರುಪೇ ಎಂಬುದು ಖಚಿತವಾಯಿತು. ಹತ್ತಿರದಿಂದ ನೋಡಿದಾಗ ಸುತ್ತಲಿನ ಲೋಹವೆಲ್ಲ ಮಸಿ ಹಿಡಿದಿದ್ದರೂ ತಿರುಪಿನ ತಲೆಯಲ್ಲಿ ಮಾತ್ರ ಸ್ಕ್ರೂಡ್ರೈವರಿನ ಹೊಳೆಯುವ ಗೀರುಗಳಿದ್ದುವು. ಯಾರೋ ಇತ್ತೀಚೆಗೆ ಅದನ್ನು ಒಳಕ್ಕೆ ತಿರುಗಿಸಿದ್ದರು.

ಇಷ್ಟಕ್ಕೆ ತೃಪ್ತರಾಗುವ ಮೆಕ್ಯಾನಿಕ್ಕಾಗಿದ್ದರೆ ತಿರುಪನ್ನು ಹೊರಕ್ಕೆ ತಿರುಗಿಸಿ, ಸದ್ದನ್ನು ಅಡಗಿಸಿ, ಹಣ ಪಡೆದು ಕಳುಹಿಸಿಬಿಡುತ್ತಿದ್ದರು. ಈ ಮೇಸ್ತ್ರಿಯೂ ತಿರುಪನ್ನು ಹೊರಕ್ಕೆ ತಿರುಗಿಸಿದರು. ಆದರೆ ಅದು ಚಿಕಿತ್ಸೆಯಾಗಿ ಅಲ್ಲ, ಪರೀಕ್ಷೆಯಾಗಿ. ವೇಗ ಇಳಿಯುತ್ತ ಬಂತು. 800 ಸುತ್ತುಗಳ ಸಮೀಪಕ್ಕೆ ಬರುವಷ್ಟರಲ್ಲಿ ಎಂಜಿನ್ ನಡುಗಿ ಆರಿಹೋಯಿತು. ಆಗ ಮೇಸ್ತ್ರಿ ನಸುನಕ್ಕರು. “ಯಜಮಾನರೇ, ಇದಕ್ಕೆ ವೇಗದ ರೋಗವಿಲ್ಲ, ಆರಿಹೋಗುವ ರೋಗವಿದೆ. ಅದನ್ನು ಮುಚ್ಚಿಡುವುದಕ್ಕೆ ಯಾರೋ ವೇಗವನ್ನು ಹೆಚ್ಚಿಸಿದ್ದಾರೆ.”

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹೊಸ ಯಂತ್ರದ ರೋಗ ಯಂತ್ರದ್ದು ಮಾತ್ರ. ಕೈಯಿಂದ ಕೈಗೆ ಬಂದ ಹಳೆಯ ಯಂತ್ರದಲ್ಲಿ ಹಿಂದಿನವರು ಮಾಡಿದ ಚಿಕಿತ್ಸೆಯೂ ಸೇರಿರುತ್ತದೆ. ಇಂದು ರೋಗದಂತೆ ಕಾಣುವುದು ನಿನ್ನೆ ಯಾರೋ ಮಾಡಿದ ಅರೆಮದ್ದು ಆಗಿರಬಹುದು. ಐಡ್ಲಿಂಗ್ ಹೆಚ್ಚಿಸಿದರೆ ಆರಿಹೋಗುವ ಎಂಜಿನ್ ಕೊಳ್ಳುವವರ ಮುಂದೆ ಆರುವುದಿಲ್ಲ. ಒಳಗಿನ ಬೇರಿಂಗುಗಳು ಸವೆದಿದ್ದರೆ ಮಂದಗತಿಯಲ್ಲಿ ಮಿಣುಕಬೇಕಾದ ಎಣ್ಣೆಯೊತ್ತಡದ ಕೆಂಪು ದೀಪವೂ ಮಿಣುಕುವುದಿಲ್ಲ. ಆದುದರಿಂದ ಹಳೆಯ ಕಾರನ್ನು ಕೊಳ್ಳುವವರು ಬಣ್ಣವನ್ನು ನೋಡುವ ಮೊದಲು, ಬಿಸಿಯಾದ ಎಂಜಿನ್ ಮಂದಗತಿಯಲ್ಲಿ ನೆಮ್ಮದಿಯಾಗಿ ಓಡುತ್ತದೆಯೇ ಎಂದು ಕಿವಿಗೊಟ್ಟು ಕೇಳಬೇಕು.

ರೇಷ್ಮೆಯ ಸೀಮೆಯವರಿಗೆ ಇಂತಹ ಶೋಧ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ರೇಷ್ಮೆಹುಳುಗಳಿಗೆ ಪೆಬ್ರಿನ್ ಎಂಬ ಗಂಟುರೋಗ ತಗುಲಿ ಬೆಳೆಗಾರರು ದಿಕ್ಕೆಟ್ಟಿದ್ದರು. 1865ರಲ್ಲಿ ಅದರ ಅಧ್ಯಯನಕ್ಕೆ ತೊಡಗಿದ ಲೂಯಿ ಪಾಶ್ಚರನು ಹುಳುವನ್ನೂ ಸೊಪ್ಪನ್ನೂ ಮಾತ್ರ ನೋಡಿ ನಿಲ್ಲಲಿಲ್ಲ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನೇ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಪರೀಕ್ಷಿಸಿದನು. ಚಿಟ್ಟೆಯಲ್ಲಿ ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಪಡಿಸಬೇಕೆಂದು ತೋರಿಸಿಕೊಟ್ಟನು. ರೋಗಮುಕ್ತ ಮೊಟ್ಟೆಗಳನ್ನು ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಈಗಲೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ಕಣ್ಣೆದುರಿನ ಹುಳುವಿನ ರೋಗ ಹಿಂದಿನ ತಲೆಮಾರಿನಿಂದ ಬಂದಿರಬಹುದು. ಹಾಗೆಯೇ ಕಾರಿನ ರೋಗ ಹಿಂದಿನ ಒಡೆಯನಿಂದ ಬಂದಿರಬಹುದು.

ಎಂಜಿನ್ ಮಂದಗತಿಯಲ್ಲಿ ಏಕೆ ಆರಿಹೋಗುತ್ತದೆ? ಇನ್ನು ಉಳಿದದ್ದು ಸ್ಪರ್ಶನ. ಮೇಸ್ತ್ರಿ ಹೆಗಲ ಮೇಲಿನ ಟವೆಲನ್ನು ತೆಗೆದಿಟ್ಟರು. ತಿರುಗುವ ಫ್ಯಾನಿಗೂ ಬೆಲ್ಟಿಗೂ ಬಟ್ಟೆ ಸಿಕ್ಕಿದರೆ ಅನಾಹುತವಾದೀತು. ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟು, ತೆರೆದ ಬಯಲಿನಲ್ಲಿ ಎಂಜಿನ್ನನ್ನು ಚಾಲೂ ಮಾಡಿಸಿದರು. ಕಿವಿಗೊಟ್ಟಾಗ ಕಾರ್ಬುರೇಟರಿನ ಬುಡದಲ್ಲಿ ಹಾವು ಬುಸುಗುಟ್ಟುವಂತಹ ಸಣ್ಣ ಸದ್ದು ಕೇಳಿಸಿತು. ಕಾರ್ಬುರೇಟರ್ ಕುಳಿತಿರುವ ಜಾಗದಲ್ಲಿ ಗ್ಯಾಸ್ಕೆಟ್ ಎಂಬ ಒಂದು ಹಾಳೆ ಇರುತ್ತದೆ. ಹೊರಗಿನ ಗಾಳಿ ನುಸುಳದಂತೆ ತಡೆಯುವುದು ಅದರ ಕೆಲಸ. ಮೇಸ್ತ್ರಿ ಬಿಸಿಯಾದ ಭಾಗಗಳ ಮೇಲೂ ವಿದ್ಯುತ್ತಿನ ತಂತಿಗಳ ಮೇಲೂ ಬೀಳದಂತೆ, ಆ ಸಂದಿಗೆ ಕೆಲವೇ ಹನಿ ನೀರನ್ನು ತೊಟ್ಟಿಕ್ಕಿಸಿದರು. ಒಂದು ಕ್ಷಣ ಬುಸುಗುಟ್ಟುವಿಕೆ ನಿಂತಿತು. ಎಂಜಿನ್ನಿನ ಸದ್ದೂ ಬದಲಾಯಿತು. ನೀರು ಆರಿದೊಡನೆ ಮತ್ತೆ ಮೊದಲಿನಂತೆಯೇ ಆಯಿತು. ಬಿರುಕನ್ನು ನೀರು ಅರೆಗಳಿಗೆ ಮುಚ್ಚಿತ್ತು. ಕೆಲವರು ಈ ಪರೀಕ್ಷೆಗೆ ಪೆಟ್ರೋಲನ್ನು ಚಿಮುಕಿಸುವುದುಂಟು. ಅದು ಬೆಂಕಿಯೊಡನೆ ಆಟ, ಎಂದಿಗೂ ಮಾಡಬಾರದು.

ಕಾರಣದ ಸರಪಳಿ ಈಗ ಸ್ಪಷ್ಟವಾಯಿತು. ಗ್ಯಾಸ್ಕೆಟ್ ಒಣಗಿ ಬಿರಿದಿತ್ತು. ಆ ಬಿರುಕಿನಿಂದ ಲೆಕ್ಕಕ್ಕೆ ಸಿಕ್ಕದ ಗಾಳಿ ನುಗ್ಗಿ, ಮಂದಗತಿಯ ಅಲ್ಪ ಪೆಟ್ರೋಲು ಸಾಲದಾಗಿ, ಎಂಜಿನ್ ಆರುತ್ತಿತ್ತು. ಆರದಿರಲೆಂದು ಯಾರೋ ತಿರುಪನ್ನು ಒತ್ತಿ ಬಾಗಿಲನ್ನು ಹೆಚ್ಚು ತೆರೆದರು. ಅಬ್ಬರ ಅಲ್ಲಿಂದ ಹುಟ್ಟಿತು.

ಮೇಸ್ತ್ರಿ ಗ್ಯಾಸ್ಕೆಟ್ಟನ್ನು ಬದಲಾಯಿಸಿ, ಎಂಜಿನ್ನನ್ನು ಮತ್ತೆ ಓಡಿಸಿ ನೋಡಿದರು. ನಡುಕ ಬಹುಮಟ್ಟಿಗೆ ಹೋಗಿತ್ತು, ಪೂರ್ತಿ ಹೋಗಿರಲಿಲ್ಲ. ಅನಂತರ ಮಂದಗತಿಗೆ ಪೆಟ್ರೋಲು ಒದಗಿಸುವ ಕಿರುರಂಧ್ರವನ್ನು ಬಿಚ್ಚಿ, ಅದರಲ್ಲಿ ಕಟ್ಟಿಕೊಂಡಿದ್ದ ಕಸವನ್ನು ಗಾಳಿಯಿಂದ ಊದಿ ತೆಗೆದು, ಮತ್ತೊಮ್ಮೆ ನೋಡಿದರು. ಕಿಡಿ ಹಾರುವ ಕಾಲವನ್ನೂ ಪರೀಕ್ಷಿಸಿದರು. ಕಿಡಿ ಸಕಾಲಕ್ಕಿಂತ ಮುಂಚೆ ಹಾರಿದರೂ ಐಡ್ಲಿಂಗ್ ಏರುವುದುಂಟು. ಅದು ಸರಿಯಾಗಿಯೇ ಇತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ಬಳಿಕ ಒಂದು ಪರೀಕ್ಷೆ: ಇದು ಅವರ ಕ್ರಮ. ಮೂರನ್ನು ಒಟ್ಟಿಗೆ ಮಾಡಿದ್ದರೆ ಕಾರು ಸರಿಯಾಗುತ್ತಿತ್ತೇನೋ; ಆದರೆ ಯಾವುದರಿಂದ ಸರಿಯಾಯಿತೆಂಬ ಜ್ಞಾನ ದೊರೆಯುತ್ತಿರಲಿಲ್ಲ. ಎಲ್ಲಕ್ಕೂ ಕೊನೆಯಲ್ಲಿ ಅವರು ಐಡ್ಲಿಂಗಿನ ತಿರುಪಿಗೆ ಕೈ ಹಾಕಿದರು. ಎಂಜಿನ್ ಈಗ ಮಂದಗತಿಯಲ್ಲಿ, ನಿದ್ರಿಸುವ ಮಗುವಿನ ಉಸಿರಿನಂತೆ ಸಮನಾಗಿ ಓಡಿತು. ಎಣ್ಣೆಯ ಕೆಂಪು ದೀಪ ಮಿಣುಕಲಿಲ್ಲ. ಆ ದೀಪ ಆರಿಯೇ ಇದ್ದುದನ್ನು ಮೇಸ್ತ್ರಿ ಬೆಳೆಗಾರರಿಗೆ ತೋರಿಸಿ, “ಎಂಜಿನ್ ಗಟ್ಟಿಯಾಗಿಯೇ ಇದೆ, ಭಯ ಬೇಡ” ಎಂದರು. ಕಾರ್ಬುರೇಟರಿಗೆಂದು ತಂದ ಹಣದ ಬಹುಭಾಗ ಜೇಬಿನಲ್ಲಿಯೇ ಉಳಿಯಿತು.

ಈಚಿನ ಕಾರುಗಳಲ್ಲಿ ಕಾರ್ಬುರೇಟರ್ ಇಲ್ಲ. 2000ದಲ್ಲಿ ದೇಶದಾದ್ಯಂತ ಹೊಗೆಯನ್ನು ಕುರಿತ ಹೊಸ ನಿಯಮಗಳು ಜಾರಿಗೆ ಬಂದ ಕಾಲದಿಂದ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಟರುಗಳೂ ಅವುಗಳನ್ನು ಆಳುವ ಪುಟ್ಟ ಗಣಕವೂ ಸಾಮಾನ್ಯವಾದುವು. ಇಲ್ಲಿಯೂ ಐಡ್ಲಿಂಗ್ ಏರುವುದುಂಟು. ಗಾಳಿಯ ಕೊಳವೆ ಬಿರಿದರೆ, ಮಂದಗತಿಯ ಗಾಳಿಯನ್ನು ನಿಯಂತ್ರಿಸುವ ಕವಾಟಕ್ಕೆ ಮಸಿ ಹಿಡಿದರೆ ಏರುತ್ತದೆ. ಎಂಜಿನ್ನಿನ ಬಿಸಿಯನ್ನು ತಿಳಿಸುವ ಸಂವೇದಕ ಕೆಟ್ಟು, ಬಿಸಿಯಾದ ಮೇಲೂ ‘ತಣ್ಣಗಿದೆ’ ಎಂದು ತಪ್ಪು ವರದಿ ಮಾಡಿದರೆ, ಅದನ್ನು ನಂಬಿದ ಗಣಕ ವೇಗವನ್ನು ಇಳಿಸುವುದೇ ಇಲ್ಲ. ಏರ್ ಕಂಡೀಷನರ್ ಹಾಕಿದಾಗ ಗಣಕ ತಾನಾಗಿಯೇ ವೇಗವನ್ನು ತುಸು ಏರಿಸುವುದುಂಟು, ಅದು ರೋಗವಲ್ಲ. ಕಾರಿನಲ್ಲಿರುವ ಗಣಕ ದೋಷದ ಸಂಕೇತವನ್ನು ಸಂಖ್ಯೆಯ ರೂಪದಲ್ಲಿ ತೋರಿಸುತ್ತದೆ. ಆದರೆ ಆ ಸಂಖ್ಯೆ ತೋರಿಸುವುದು ಲಕ್ಷಣವನ್ನು. ಮೂಲವನ್ನು ಹುಡುಕುವ ಹೊಣೆ ಮನುಷ್ಯನದೇ. ಉಪಕರಣ ಹೊಸದಾದರೂ ಕ್ರಮ ಹಳೆಯದೇ: ಕೇಳು, ನೋಡು, ಮುಟ್ಟು.

ಈ ಕೆಲಸವನ್ನು ಕಲಿಯಬಯಸುವ ಕಿರಿಯರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಎಂದಿಗೂ ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಅರಿವಿಗೆ ಬರುವ ಮೊದಲೇ ಪ್ರಾಣವನ್ನು ತೆಗೆಯಬಲ್ಲದು. ಹಿರಿಯರು ಜೊತೆಯಲ್ಲಿಲ್ಲದೆ ಓಡುತ್ತಿರುವ ಎಂಜಿನ್ನಿನ ಬಳಿಗೆ ಹೋಗಬಾರದು.

ಲಕ್ಷಣವನ್ನು ಅಡಗಿಸುವುದು ಸುಲಭ. ಒಂದು ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ ಸಾಕು. ಮೂಲವನ್ನು ಕಾಣುವುದಕ್ಕೆ ತಾಳ್ಮೆ ಬೇಕು, ಕ್ರಮ ಬೇಕು, ‘ನನಗೆ ಇನ್ನೂ ತಿಳಿದಿಲ್ಲ’ ಎಂದು ಒಪ್ಪಿಕೊಳ್ಳುವ ವಿನಯ ಬೇಕು. ಲೆಕ್ಕದಲ್ಲಿ ಉತ್ತರ ತಪ್ಪಿದಾಗ ಉತ್ತರವನ್ನಷ್ಟೇ ತಿದ್ದುವ ವಿದ್ಯಾರ್ಥಿಗೂ, ಯಾವ ಮೆಟ್ಟಿಲಿನಲ್ಲಿ ತಪ್ಪಿತೆಂದು ಹಿಂದಿರುಗಿ ನೋಡುವ ವಿದ್ಯಾರ್ಥಿಗೂ ಇರುವ ಅಂತರ ಇದೇ. ಮುದ್ದೇನಹಳ್ಳಿಯ ಮಹನೀಯರು ಕಾರ್ಖಾನೆಯ ಯೋಜನೆಯನ್ನು ಬರೆಯುವ ಮೊದಲು ಖಂಡಗಳನ್ನು ಸುತ್ತಿ ನೋಡಿ ಬಂದರು; ಚಿಕ್ಕಬಳ್ಳಾಪುರದ ಮೇಸ್ತ್ರಿ ಬೋಲ್ಟನ್ನು ಬಿಚ್ಚುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿದರು. ಕೆಲಸದ ಗಾತ್ರದಲ್ಲಿ ಅಜಗಜಾಂತರವಿದ್ದರೂ ಮನೋಧರ್ಮ ಒಂದೇ.

ಪದಗಳ ಅರ್ಥ

ನಿದಾನ: ರೋಗದ ಮೂಲವನ್ನು ಗುರುತಿಸುವುದು
ನಿಧಾನ: ತಾಳ್ಮೆ, ಸಾವಕಾಶ
ದೃಷ್ಟಾಂತ: ಉದಾಹರಣೆ
ಗುಬುಟು: ಹಿಡಿದೆಳೆಯುವ ಗುಂಡಿ
ಅರೆಮದ್ದು: ಪೂರ್ತಿ ಗುಣಪಡಿಸದ ಚಿಕಿತ್ಸೆ
ಅರೆಗಳಿಗೆ: ಸ್ವಲ್ಪ ಹೊತ್ತು
ಅಜಗಜಾಂತರ: ಆಡಿಗೂ ಆನೆಗೂ ಇರುವಷ್ಟು ವ್ಯತ್ಯಾಸ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದವರು ಯಾರು?
2. ಗ್ಯಾಸ್ಕೆಟ್ಟಿನ ಕೆಲಸವೇನು?
3. ಪಾಶ್ಚರನು ಸೂಕ್ಷ್ಮದರ್ಶಕದ ಅಡಿಯಲ್ಲಿ ಪರೀಕ್ಷಿಸಿದ್ದು ಯಾವುದನ್ನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಐಡ್ಲಿಂಗ್ ಹೆಚ್ಚಾದ ಕಾರು ಬೆಟ್ಟ ಇಳಿಯುವಾಗ ಏಕೆ ಅಪಾಯಕರ?
2. ‘ಬೆಟ್ಟದ ಸೀಮೆಯ ಗಾಳಿಗೆ ಹೀಗಾಗುತ್ತದೆ’ ಎಂಬ ವಾದವನ್ನು ಮೇಸ್ತ್ರಿ ಏಕೆ ಒಪ್ಪಲಿಲ್ಲ?
3. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಏಕೆ?

ಇ. ಸಂದರ್ಭವನ್ನು ತಿಳಿಸಿ, ಸ್ವಾರಸ್ಯವನ್ನು ವಿವರಿಸಿ.
1. “ಇದಕ್ಕೆ ವೇಗದ ರೋಗವಿಲ್ಲ, ಆರಿಹೋಗುವ ರೋಗವಿದೆ.”
2. “ನೀವು ಹಿಪ್ಪುನೇರಳೆಯ ತೋಟವನ್ನೇ ಕಿತ್ತುಹಾಕುತ್ತೀರಾ?”

ಈ. ಈ ಪದಗಳನ್ನು ಬಿಡಿಸಿ, ಸಂಧಿಯನ್ನು ಹೆಸರಿಸಿ.
ಹೆಸರಿಟ್ಟರು, ಗಾಳಿಯನ್ನು, ಚಳಿಗಾಲ

ಉ. ನಿಮ್ಮ ಮನೆಯಲ್ಲಿ ಕೆಟ್ಟುಹೋದ ಯಾವುದಾದರೂ ಒಂದು ವಸ್ತುವನ್ನು ಹಿರಿಯರೊಬ್ಬರು ಸರಿಪಡಿಸುವುದನ್ನು ಗಮನಿಸಿ, ಅವರು ಕೇಳಿದ ಪ್ರಶ್ನೆಗಳನ್ನೂ ಮಾಡಿದ ಪರೀಕ್ಷೆಗಳನ್ನೂ ಕ್ರಮವಾಗಿ ಬರೆಯಿರಿ.